ಯಾರಿಗೂ ಜ್ವರವಿಲ್ಲದ ಬೀದಿ

ಯುಗಾದಿಯ ಚಂದ್ರನನ್ನು ನೋಡಿದ ಮೇಲೆ ಹಿರಿಯರ ಕಾಲಿಗೆ ಬೀಳದೆ ಊಟಕ್ಕೆ ಕೂರುವವರು ನಮ್ಮ ಬೀದಿಯಲ್ಲಿ ಇರಲಿಲ್ಲ. ತುಮಕೂರಿನ ಶೆಟ್ಟಿಹಳ್ಳಿಯ ಆ ಬೀದಿಗೆ ಹಿರಿಯರೆಂದರೆ ನಮ್ಮತ್ತೆ. ಪ್ರತಿ ವರ್ಷ ಆ ಸಂಜೆ ಹಣೆ ತುಂಬ ವಿಭೂತಿ ಧರಿಸಿ, ಹೊಸ ಸೀರೆಯುಟ್ಟು, ನಡುಮನೆಯ ಮರದ ಕುರ್ಚಿಯಲ್ಲಿ ಕಾಲು ಮುಂದೆ ಮಾಡಿ ಕೂತುಬಿಡುತ್ತಿದ್ದರು. ಬೀದಿಗೆ ಬೀದಿಯೇ ಬಂದು ಆ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡು, ಅಂಗೈಗೆ ಒಂದು ಚೂರು ಬೆಲ್ಲ ಹಾಕಿಸಿಕೊಂಡು ಹೋಗುತ್ತಿತ್ತು. ಚರಂಡಿ ನೀರಿನ ವಿಚಾರಕ್ಕೆ ವರ್ಷವೆಲ್ಲ ನಮ್ಮ ಮೇಲೆ ಕೂಗಾಡುವ ಎದುರುಮನೆಯವನೂ ಅವತ್ತು ಬಂದು ಉದ್ದಕ್ಕೆ ಅಡ್ಡಬೀಳುತ್ತಿದ್ದ. ಮಾರನೆಯ ದಿನ ಮತ್ತೆ ಕೂಗಾಡುತ್ತಿದ್ದ, ಅದು ಬೇರೆ ಮಾತು.

ಆ ವರ್ಷ ಮಾತ್ರ ಆ ಪಾದಗಳನ್ನು ಯಾರಿಗೂ ಮುಟ್ಟಗೊಡಬಾರದು ಎಂದು ನಾನು ಹಟ ಹಿಡಿದಿದ್ದೆ. ಅತ್ತೆಗೆ ಹಳೆಯ ಉಬ್ಬಸ. ಮೋಡ ಮುಚ್ಚಿದರೆ ಸಾಕು, ಎದೆಯೊಳಗೆ ಸಿಳ್ಳೆ ಹಾಕಿದ ಹಾಗೆ ಉಸಿರು ಕೇಳಿಸುತ್ತದೆ. ವಯಸ್ಸಾದವರಿಗೆ, ಉಸಿರಿನ ತೊಂದರೆ ಇರುವವರಿಗೆ ಆಗಷ್ಟೇ ದೇಶಕ್ಕೆ ಕಾಲಿಟ್ಟಿದ್ದ ಈ ಹೊಸ ಕಾಯಿಲೆ ತಗುಲಿದರೆ ಉಳಿಯುವುದು ಕಷ್ಟ ಎಂದು ಟಿವಿಯಲ್ಲಿ ಹಗಲೂ ರಾತ್ರಿ ಅರಚುತ್ತಿದ್ದರು. ನನ್ನ ಮದುವೆಯಾದ ಹೊಸತರಲ್ಲಿ ಅತ್ತೆಗೂ ನನಗೂ ಎಣ್ಣೆ ಸೀಗೇಕಾಯಿ ಸಂಬಂಧ. ವರ್ಷಗಳು ಕಳೆದ ಮೇಲೆ, ಯಾವಾಗ ಆಯಿತೋ ಗೊತ್ತಿಲ್ಲ, ಅವರಿಲ್ಲದ ಮನೆಯನ್ನು ನೆನೆಸಿಕೊಳ್ಳಲು ನನಗೆ ಆಗುತ್ತಿರಲಿಲ್ಲ. ಅತ್ತೆ ಉಳಿಯಬೇಕು, ಅಷ್ಟೇ ನನಗೆ ಬೇಕಿದ್ದದ್ದು.

ನಾನು ಗುಬ್ಬಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ನಿಲ್ಲಿಸಿ, ದೊಡ್ಡವರೂ ಹೇಳಿದ ಮಾತು ಕೇಳುತ್ತಾರೆ ಎಂಬ ಭ್ರಮೆ ನನಗೆ ಅಂಟಿಕೊಂಡಿತ್ತು. ಆ ಭ್ರಮೆ ಒಂದೇ ವಾರದಲ್ಲಿ ಬಿಟ್ಟುಹೋಯಿತು. ಮನೆಯಲ್ಲೇ ಇದ್ದು ಬಾಗಿಲಲ್ಲಿ ನಿಂತು ಚಪ್ಪಾಳೆ ಹೊಡೆಯಿರಿ ಎಂದರೆ ನಮ್ಮ ಬೀದಿಯವರು ತಟ್ಟೆ, ಲೋಟ, ಜಾಗಟೆ ಹಿಡಿದು ಗುಂಪಾಗಿ ಸರ್ಕಲ್‌ವರೆಗೆ ಮೆರವಣಿಗೆ ಹೋಗಿಬಂದರು. ಲಾಕ್‌ಡೌನ್ ಶುರುವಾದಾಗ ದಿನಸಿ ಅಂಗಡಿಯವನು ಸುಣ್ಣದಲ್ಲಿ ಚೌಕ ಬರೆದ. ಜನ ಒಂದೊಂದು ಚೌಕದಲ್ಲಿ ಒಂದೊಂದು ಚೀಲ, ಚೀಲ ಇಲ್ಲದವರು ಚಪ್ಪಲಿ ಇಟ್ಟು, ತಾವು ಮಾತ್ರ ಪಕ್ಕದ ಹೊಂಗೆ ಮರದ ನೆರಳಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಂತು ಈ ರೋಗದ ಬಗ್ಗೆಯೇ ಚರ್ಚೆ ಮಾಡುತ್ತಿದ್ದರು. ಚಪ್ಪಲಿಗಳು ಶಿಸ್ತಾಗಿ ಅಂತರ ಕಾಯ್ದುಕೊಂಡಿದ್ದವು. ನನಗೆ ನಗು ಬರಬೇಕಿತ್ತು, ಬರಲಿಲ್ಲ.

ಹಬ್ಬದ ಸಂಜೆ ಜನರೆಲ್ಲ ತಾರಸಿ ಹತ್ತಿದರು. "ಕಾಣ್ತಾ? ಅಲ್ನೋಡಿ, ಆ ತೆಂಗಿನ್ ಗರಿ ಪಕ್ದಲ್ಲಿ, ಕೂದ್ಲೆಳೆ ಥರ" ಎಂದು ತಾರಸಿಯಿಂದ ತಾರಸಿಗೆ ಕೂಗು ಹೋಯಿತು. ಚಂದ್ರ ಕಂಡ. ಎಲ್ಲರೂ ಕೈ ಮುಗಿದರು. ಮರುಗಳಿಗೆಯಲ್ಲೇ ಮೆಟ್ಟಿಲಿಳಿಯುವ ಸದ್ದು ಬೀದಿ ತುಂಬ ಕೇಳಿಸಿತು. ನಾನು ಓಡಿಹೋಗಿ ಗೇಟಿಗೆ ಬೀಗ ಹಾಕಿ, ಮೂಗಿನ ಮೇಲೆ ಸೆರಗು ಬಿಗಿದು ನಿಂತುಕೊಂಡೆ.

"ಬೀಗ ತೆಗೀರಿ ಮೇಡಂ, ಅಜ್ಜಿ ಕಾಲ್ ಮುಟ್ಟಿ ಹೊಂಟೋಗ್ತೀವಿ."

"ಈ ವರ್ಷ ಬೇಡ. ಅಲ್ಲಿಂದ್ಲೇ ಕೈ ಮುಗೀರಿ."

"ಅಯ್ಯೋ ಬುಡಿ ಮೇಡಂ. ಅದೆಲ್ಲ ಏರೋಪ್ಲೇನ್‌ನಲ್ಲಿ ಓಡಾಡೋರ್ಗೆ. ನಮ್ಗೆಲ್ಲಿ ಬರ್ತದೆ?" ಎಂದಳು ಪಕ್ಕದ ಮನೆಯಾಕೆ. "ಬೇಕಾದ್ರೆ ನೋಡಿ, ಕೈ ತೊಳ್ಕೊಂಡೇ ಬಂದಿದೀವಿ" ಎಂದು ಒದ್ದೆ ಅಂಗೈ ತೋರಿಸಿದಳು. ಎದುರುಮನೆಯವನ ಮುಖ ಸಿಂಡರಿಸಿಕೊಂಡಿತ್ತು. "ಹಬ್ಬದ್ ದಿನ ನಮ್ಮನ್ನ ಬೀದೀಲಿ ನಿಲ್ಸಿ ಮಾತಾಡುಸ್ತೀರಲ್ಲ, ಇದು ಸರೀನಾ?"

ನಾನು ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಅವರೇ ಒಂದು ದಾರಿ ಕಂಡುಕೊಂಡರು. ಗೇಟಿನ ಕೆಳಗಿನ ಕಬ್ಬಿಣದ ಪಟ್ಟಿಯನ್ನೇ ಅತ್ತೆಯ ಪಾದ ಅಂದುಕೊಂಡು ಒಬ್ಬೊಬ್ಬರಾಗಿ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಂಡರು. ಎಲ್ಲರೂ ಅದೇ ಪಟ್ಟಿಯನ್ನು, ಅದೇ ಜಾಗದಲ್ಲಿ ಮುಟ್ಟಿದರು. ಒಬ್ಬರ ಕೈಯಿಂದ ಪಟ್ಟಿಗೆ, ಪಟ್ಟಿಯಿಂದ ಮುಂದಿನವರ ಕೈಗೆ, ಕಣ್ಣಿಗೆ. ತರಗತಿಯಲ್ಲಿ ಸೋಂಕು ಹೇಗೆ ಹರಡುತ್ತದೆ ಎಂದು ಪಾಠ ಮಾಡುವಾಗ ಇಷ್ಟು ಒಳ್ಳೆಯ ಉದಾಹರಣೆ ನನಗೆ ಎಂದೂ ಸಿಕ್ಕಿರಲಿಲ್ಲ. ಅವರೆಲ್ಲ ಹೋದ ಮೇಲೆ ಗೇಟಿಗೆ ಒಂದು ಬಕೆಟ್ ಫಿನಾಯಿಲ್ ನೀರು ಸುರಿದೆ. ಗೆದ್ದೆ ಅಂದುಕೊಂಡು ಒಳಗೆ ಬಂದರೆ ಕುರ್ಚಿ ಖಾಲಿ. ಹಿತ್ತಿಲ ಬಾಗಿಲು ತೆರೆದಿತ್ತು.

ಅತ್ತೆಗೆ ಒಬ್ಬ ಅಕ್ಕ ಇದ್ದರು. ನಮ್ಮ ಬಾಯಲ್ಲಿ ದೊಡ್ಡತ್ತೆ. ಅಕ್ಕತಂಗಿಯರಿಬ್ಬರೂ ಕುಣಿಗಲ್ ಕೆರೆಯ ಪಕ್ಕದ ಒಂದೇ ಮನೆಯಲ್ಲಿ ಹುಟ್ಟಿ, ತುಮಕೂರಿನ ಒಂದೇ ಬಡಾವಣೆಗೆ ಸೊಸೆಯರಾಗಿ ಬಂದವರು. ದೊಡ್ಡತ್ತೆಯ ಮನೆ ನಮ್ಮ ಹಿಂದಿನ ಬೀದಿಯಲ್ಲಿ. ಎರಡು ಹಿತ್ತಿಲುಗಳ ನಡುವೆ ಒಬ್ಬರು ನಡೆಯುವಷ್ಟು ಅಗಲದ ಸಂದಿ. ಹಿರಿಯರಿಗೂ ಒಬ್ಬರು ಹಿರಿಯರು ಇರುತ್ತಾರೆ ಎಂಬುದು ಬಾಗಿಲು ಕಾಯುತ್ತಿದ್ದ ನನ್ನ ತಲೆಗೆ ಹೊಳೆದೇ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಅತ್ತೆ ಬಾಯಲ್ಲಿ ಬೆಲ್ಲ ಚೀಪುತ್ತ, ಏನೂ ನಡೆದಿಲ್ಲವೆಂಬಂತೆ ಸಂದಿಯಿಂದ ನಡೆದು ಬಂದರು. ಎಲ್ಲಿಗೆ ಹೋಗಿದ್ದಿರಿ ಎಂದು ನಾನು ಹೆಚ್ಚುಕಡಿಮೆ ಕಿರುಚಿದೆ. ಅವರಿಗೆ ಕಿವಿ ಮಂದ. ಎದುರಿಗಿರುವವರ ಬಾಯಿ ನೋಡಿಕೊಂಡೇ ಮಾತು ಹಿಡಿಯುತ್ತಿದ್ದರು.

"ಇನ್ನೆಲ್ಲಿಗೆ? ಅಕ್ಕನ ಕಾಲಿಗೆ ಬಿದ್ದು ಬಂದೆ. ಊರೋರೆಲ್ಲ ನನ್ ಕಾಲಿಗೆ ಬೀಳ್ಬೋದು, ನಾನ್ ಮಾತ್ರ ಯಾರ್ ಕಾಲಿಗೂ ಬೀಳ್ಬಾರ್ದಾ? ಒಳ್ಳೆ ನ್ಯಾಯ ಕಣೇ ನಿಂದು." ಆಮೇಲೆ, ಸುದ್ದಿ ಹೇಳುವ ಖುಷಿಯಲ್ಲಿ, "ಅಕ್ಕನ್ ಮಗನೂ ಬಂದವ್ನೆ ಬೊಂಬಾಯಿಂದ. ಪಾಪ, ನೆಗಡಿ ಆಗಿ ಮೂಗು ಸೊರಸೊರ ಅಂತಾನೆ. ಅಲ್ಲೆಲ್ಲ ಭಾರಿ ಧೂಳಂತೆ" ಎಂದರು.

ದೊಡ್ಡತ್ತೆಯ ಮಗನದು ಕೊಬ್ಬರಿ ವ್ಯಾಪಾರ. ರೈಲುಗಳು ನಿಲ್ಲುವ ಮೊದಲು ಸಿಕ್ಕಿದ ಗಾಡಿ ಹತ್ತಿ ಊರು ಸೇರಿಕೊಂಡಿದ್ದ. ಬಂದದ್ದನ್ನು ಯಾರಿಗೂ ಹೇಳಿರಲಿಲ್ಲ. ಅಲ್ಲಿಂದ ಮುಂದೆ ನಾನು ಮಾಡಿದ ಕೆಲಸ ಒಂದೇ, ಅತ್ತೆಯ ಉಸಿರನ್ನು ಕೇಳಿಸಿಕೊಳ್ಳುವುದು. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುವಾಗ ಅವರು ಕೆಮ್ಮಿದರೆ, ಅದು ಮೆಣಸಿನಕಾಯಿಯ ಘಾಟೋ ಇನ್ನೇನೋ ಎಂದು ಸೌಟು ಹಿಡಿದು ನಿಂತುಬಿಡುತ್ತಿದ್ದೆ.

ಹಾಗೆಯೇ ಕೆಲವು ದಿನ ಕಳೆಯಿತು. ಊರಿಗೆ ಹೊರಗಿನಿಂದ ಬಂದವರನ್ನೆಲ್ಲ ಹುಡುಕುತ್ತಿದ್ದಾರೆ ಎಂಬ ಸುದ್ದಿ ಮೊದಲು ಬಂತು, ಅದರ ಹಿಂದೆಯೇ ದೊಡ್ಡತ್ತೆಯ ಮನೆಯ ಬಾಗಿಲಿಗೆ ನೋಟೀಸು ಬಂತು. ಈ ಮನೆಗೆ ಯಾರೂ ಹೋಗಬಾರದು, ಇಲ್ಲಿಂದ ಯಾರೂ ಹೊರಗೆ ಬರಬಾರದು. ಮಗನ ಕೈಗೆ ಮುದ್ರೆ ಒತ್ತಿದರು. ನಮ್ಮ ಬೀದಿಯ ಆಶಾ ಕಾರ್ಯಕರ್ತೆ ಮನೆಮನೆಗೆ ಬಂದಳು, ಜೊತೆಗೆ ಆರೋಗ್ಯ ಇಲಾಖೆಯವನೊಬ್ಬ. ಅವಳೂ ಶೆಟ್ಟಿಹಳ್ಳಿಯವಳೇ, ಎರಡು ಮಕ್ಕಳ ತಾಯಿ, ಮಾತಿಗೆ ಮುಂಚೆ ನಗುವವಳು. ಪ್ರತಿ ಯುಗಾದಿಗೂ ಅತ್ತೆಯ ಕೈಯಿಂದ ಬೆಲ್ಲ ತಿಂದವಳು.

ಆ ಮನೆಗೆ ಹಬ್ಬದ ದಿನ ಯಾರಾದರೂ ಹೋಗಿದ್ದಿರಾ ಎಂದು ಕೇಳಿದಳು. ದೊಡ್ಡತ್ತೆ ಎಂದರೆ ಹಿಂದಿನ ಬೀದಿಗೆಲ್ಲ ಹಿರಿಯರು, ನಮ್ಮ ಬೀದಿಯವರೂ ಅಲ್ಲಿಗೆ ಹೋಗಿಬರುವವರೇ. ಹೋಗದವರು ಯಾರು? ಆದರೆ ಅವತ್ತು ಎಲ್ಲರ ಬಾಯಲ್ಲೂ ಒಂದೇ ಮಾತು, ನಾವು ಆ ಕಡೆ ತಲೆ ಹಾಕಿಯೂ ಮಲಗಿಲ್ಲ. ಪಕ್ಕದ ಮನೆಯಾಕೆ ದೇವರ ಮೇಲೆ ಆಣೆಯನ್ನೂ ಹಾಕಿದಳು. ಅವಳು ದೊಡ್ಡತ್ತೆಯ ಮನೆಯಿಂದ ಒಬ್ಬಟ್ಟು ತಂದದ್ದನ್ನು ನಾನೇ ಕಂಡಿದ್ದೆ.

ನಮ್ಮ ಸರದಿ ಬಂತು. ಊರಿಗೆಲ್ಲ ಉಪದೇಶ ಮಾಡಿದವಳು ನಾನು, ಈಗ ಹೌದು ಅಂದರೆ ಅತ್ತೆಯನ್ನು ಆಂಬುಲೆನ್ಸ್‌ಗೆ ಹತ್ತಿಸಿಬಿಟ್ಟರೆ? ಹಿಂದೆ ನಿಂತಿದ್ದ ನಮ್ಮೆಜಮಾನರು ಮೆಲ್ಲಗೆ "ಸುಮ್ನಿರು" ಅಂದರು. ಅಷ್ಟರಲ್ಲಿ ಅತ್ತೆ ಕಿಟಕಿಗೆ ಬಂದು, "ಏನಂತೆ?" ಎಂದರು. ಆಶಾ ಹುಡುಗಿ ಅವರಿಗೆ ತಿಳಿಯಲೆಂದು ಕಿಟಕಿಯ ಸರಳಿನ ಹತ್ತಿರ ಬಂದು, ಮಾಸ್ಕ್ ಕೆಳಗಿಳಿಸಿ, ಬಿಡಿಸಿ ಬಿಡಿಸಿ ಕೇಳಿದಳು.

"ಹೋಗಿದ್ದೆ ಕಣ್ ಮಗಾ" ಎಂದರು ಅತ್ತೆ. "ಚಂದ್ರನ್ನ ನೋಡಿ ಅಕ್ಕನ ಕಾಲು ಮುಟ್ದೆ ಇರಕ್ಕಾಗ್ತದಾ? ಬರ್ಕೊ. ಸರ್ಕಾರದೋರು ನಮ್ ಒಳ್ಳೇದಕ್ಕೇ ಅಲ್ವಾ ಕೇಳೋದು?"

ಬೀದಿಯಲ್ಲಿ ನಿಜ ಹೇಳಿದ್ದು ಅವರೊಬ್ಬರೇ. ಕಿಟಕಿಯಿಂದಲೇ ಕೈ ಚಾಚಿ ಮುದ್ರೆ ಹಾಕಿಸಿಕೊಂಡರು. ಮುದ್ರೆ ಒತ್ತುವಾಗ ಆ ಹುಡುಗಿ "ತಪ್ಪು ತಿಳ್ಕೋಬೇಡಿ ಅಜ್ಜಿ" ಅಂದಳು. ನಮ್ಮ ಬಾಗಿಲಿಗೂ ನೋಟೀಸು ಅಂಟಿತು.

ಅವತ್ತಿನಿಂದ ಬೀದಿಯವರು ಇದ್ದಕ್ಕಿದ್ದಂತೆ ಬಹಳ ಶಿಸ್ತಿನವರಾದರು. ಹಾಲಿನವನು ಪ್ಯಾಕೆಟ್ಟನ್ನು ಕಾಂಪೌಂಡಿನಾಚೆಯಿಂದ ಎಸೆಯತೊಡಗಿದ. ಒಂದು ದಿನ ಅದು ಒಡೆದು ಹಾಲೆಲ್ಲ ತುಳಸಿಯ ಬುಡಕ್ಕೆ ಹೋಯಿತು. ಹೂವಿನವಳು ನಮ್ಮ ಮನೆ ಬಂದಾಗ ಕೂಗುವುದನ್ನೇ ನಿಲ್ಲಿಸಿ, ದಾಟಿದ ಮೇಲೆ ಮತ್ತೆ ಕೂಗುತ್ತಿದ್ದಳು. ಎದುರುಮನೆಯವನು ನಮ್ಮ ಗೇಟಿನ ಮುಂದೆ ಸುಣ್ಣದ ಗೆರೆ ಎಳೆದ. ಬೀದಿಯ ವಾಟ್ಸಾಪ್ ಗುಂಪಿನಲ್ಲಿ ನಮ್ಮ ಬಾಗಿಲಿನ ಫೋಟೋ ಬಂತು, ಕೆಳಗೆ ಕೈಮುಗಿದ ಚಿತ್ರಗಳ ಸಾಲು. ಸರ್ಕಾರ ಹೇಳಿದ್ದಕ್ಕೆ ಹತ್ತರಷ್ಟು ಪಾಲಿಸುತ್ತಿದ್ದರು, ಆದರೆ ನಮ್ಮ ಮೇಲೆ ಮಾತ್ರ. ಹೊಂಗೆ ಮರದ ನೆರಳಲ್ಲಿ ಗುಂಪು ಹಾಗೆಯೇ ಇತ್ತು. ನನಗೆ ರೋಗಕ್ಕಿಂತ ಆ ಗುಂಪಿನ ಭಯ ಹೆಚ್ಚಾಯಿತು.

ಅತ್ತೆಗೆ ಇದ್ಯಾವುದೂ ಲೆಕ್ಕಕ್ಕೆ ಬರಲಿಲ್ಲ. "ಇನ್ನೊಂದಷ್ಟು ದಿನ. ಆಮೇಲೆ ಅಕ್ಕನ್ನ ನೋಡ್ಕೊಂಡು ಬರ್ತೀನಿ" ಎನ್ನುತ್ತ ಮುದ್ರೆಯನ್ನು ಸೀಗೇಪುಡಿ ಹಾಕಿ ತಿಕ್ಕಿ ನೋಡುತ್ತಿದ್ದರು.

ನೋಟೀಸಿನ ಅವಧಿ ಮುಗಿದಿರಲಿಲ್ಲ, ಒಂದು ಬೆಳಿಗ್ಗೆ ದೊಡ್ಡತ್ತೆ ಪೂಜೆ ಮುಗಿಸಿ ಎದ್ದವರು ಎದೆ ಹಿಡಿದುಕೊಂಡು ಕೂತರಂತೆ. ಕೂತಲ್ಲೇ ಹೋಗಿಬಿಟ್ಟರು. ಜ್ವರವಿಲ್ಲ, ಕೆಮ್ಮಿಲ್ಲ. ಮಗ ಫೋನಿನಲ್ಲಿ ಅಳುತ್ತ ಅದನ್ನೇ ಹೇಳಿದ. ಆದರೆ ನೋಟೀಸಿದ್ದ ಮನೆಯ ಸಾವು. ಪರೀಕ್ಷೆಗೆ ಕಳಿಸಬೇಕು, ಮನೆಯವರೂ ಹೊರಗೆ ಬರುವಂತಿಲ್ಲ, ಮಣ್ಣು ಮಾಡುವುದೂ ಇಲಾಖೆಯವರೇ.

ನಮ್ಮವರಲ್ಲಿ ಹೋದವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಧರಿಸಿ, ಗುಣಿಯಲ್ಲಿ ಕೂರಿಸುತ್ತಾರೆ. ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕುತ್ತಾರೆ. ಒಡಹುಟ್ಟಿದವರ ಕೈಯ ಮಣ್ಣು ಬೀಳದಿದ್ದರೆ ಅದೊಂದು ದೊಡ್ಡ ಕೊರತೆ. ಅತ್ತೆ ಅಳಲಿಲ್ಲ. ಸೆರಗಿನ ತುದಿಯಲ್ಲಿ ಒಂದು ವಿಭೂತಿ ಗಟ್ಟಿ ಕಟ್ಟಿಕೊಂಡು ಹಿತ್ತಿಲ ಬಾಗಿಲು ತೆಗೆದರು.

ಸಂದಿಯ ಆ ತುದಿಯಲ್ಲಿ, ತಲೆಯಿಂದ ಕಾಲಿನವರೆಗೆ ಬಿಳಿ ಪ್ಲಾಸ್ಟಿಕ್ ಹಾಕಿಕೊಂಡವರು ಏನನ್ನೋ ಎತ್ತಿಕೊಂಡು ಹೋಗುತ್ತಿದ್ದರು. ಅತ್ತೆ ಎರಡು ಹೆಜ್ಜೆ ಇಟ್ಟಿರಬಹುದು. ಪಕ್ಕದ ತಾರಸಿಯಿಂದ ಕೂಗು ಬಂತು. "ಅಜ್ಜೀ, ಒಳಗ್ ಹೋಗಿ! ಪೊಲೀಸ್ನೋರ್ಗೆ ಫೋನ್ ಮಾಡ್ತೀನಿ ನೋಡಿ!" ಒದ್ದೆ ಅಂಗೈ ತೋರಿಸಿದ್ದ ಅದೇ ಹೆಂಗಸು. ಕೈಯಲ್ಲಿ ಮೊಬೈಲು ಎತ್ತಿ ಹಿಡಿದಿದ್ದಳು. ಸುತ್ತಲಿನ ತಾರಸಿಗಳ ಮೇಲೂ ಜನ ನಿಂತಿದ್ದರು, ಚಂದ್ರನನ್ನು ನೋಡಲು ನಿಂತಿದ್ದ ಜನವೇ. ನಾನು ಹೋಗಿ ಅತ್ತೆಯ ರಟ್ಟೆ ಹಿಡಿದು ಒಳಗೆ ಕರೆತಂದೆ.

ಸಂಜೆ ಅತ್ತೆ ನಮ್ಮೆಜಮಾನರನ್ನು ಕೇಳಿದರು, "ಕೂರ್ಸುದ್ರಂತಾ?"

"ಹೂಂ ಅವ್ವ. ಕೂರ್ಸುದ್ರಂತೆ."

ಅತ್ತೆ ಅವರ ಬಾಯಿಯನ್ನೇ ನೋಡುತ್ತಿದ್ದರು. "ನೆಟ್ಟಗೆ ಒಂದ್ ಸುಳ್ಳು ಹೇಳಕ್ಕೂ ಬರಲ್ಲ ಕಣೋ ನಿಂಗೆ" ಎಂದು ಗೋಡೆಯ ಕಡೆ ತಿರುಗಿ ಮಲಗಿಕೊಂಡರು.

ಮಣ್ಣು ಮಾಡಿದ ಮೇಲೆ ವರದಿ ಬಂತು. ದೊಡ್ಡತ್ತೆಗೆ ಆ ಕಾಯಿಲೆ ಇರಲಿಲ್ಲ. ಅವರ ಮಗನಿಗೂ ಇರಲಿಲ್ಲ. ಬರೀ ನೆಗಡಿ. ನೋಟೀಸು ಹರಿದರು, ಹಾಲಿನವನು ಮತ್ತೆ ಕೈಗೆ ಹಾಲು ಕೊಡತೊಡಗಿದ. ಅತ್ತೆ ಮಾತ್ರ ಒಂದೇ ಮಾತು ಹಿಡಿದುಕೊಂಡರು. "ಅವತ್ತು ಬಾಯ್ ಮುಚ್ಕೊಂಡಿದ್ದಿದ್ರೆ ಅಕ್ಕನ್ ಮೇಲೆ ಒಂದ್ ಹಿಡಿ ಮಣ್ಣಾದ್ರೂ ಹಾಕ್ತಿದ್ದೆ." ಅದು ಆಗುತ್ತಿರಲಿಲ್ಲ ಎಂದು ನನಗೆ ಗೊತ್ತು. ಯಾರನ್ನೂ ಬಿಡುತ್ತಿರಲಿಲ್ಲ. ಆದರೂ ಎದುರಾಡಲು ಮನಸ್ಸಾಗಲಿಲ್ಲ. ಬೀದಿಯವರಿಗೂ ಅತ್ತೆಯ ಗತಿಯಿಂದ ಒಂದು ಪಾಠ ಸಿಕ್ಕಿತ್ತು, ನಾನು ಕಲಿಸಬೇಕೆಂದಿದ್ದ ಪಾಠ ಅಲ್ಲ.

ಆಷಾಢದ ಗಾಳಿ ಬೀಸುವ ಹೊತ್ತಿಗೆ ರೋಗ ನಿಜವಾಗಿಯೇ ಊರೊಳಗೆ ಬಂದಿತ್ತು. ಆಶಾ ಹುಡುಗಿ ಪ್ರತಿ ವಾರ ಬಂದು ಯಾರಿಗಾದರೂ ಜ್ವರವೇ, ಕೆಮ್ಮೇ ಎಂದು ಕೇಳುತ್ತಿದ್ದಳು. ಯಾರಿಗೂ ಇಲ್ಲ. ಬೀದಿಯಲ್ಲಿ ನಡೆದರೆ ಮನೆಮನೆಯಿಂದ ಮೆಣಸು ಶುಂಠಿ ಕಷಾಯದ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಮುಚ್ಚಿದ ಕಿಟಕಿಗಳ ಹಿಂದೆ ಬಾಯಿಗೆ ಬಟ್ಟೆ ಒತ್ತಿಕೊಂಡು ಕೆಮ್ಮುವುದು ಕೇಳಿಸುತ್ತಿತ್ತು. ಇಲ್ಲಿಯ ಮೆಡಿಕಲ್ ಶಾಪಿನಲ್ಲಿ ಜ್ವರದ ಮಾತ್ರೆ ಕೇಳಿದರೆ ಹೆಸರು ಬರೆದುಕೊಳ್ಳುತ್ತಾರೆಂದು ಜನ ಗುಬ್ಬಿಯಿಂದ ಗುಟ್ಟಾಗಿ ತರಿಸಿಕೊಳ್ಳುತ್ತಿದ್ದರು. ಎದುರುಮನೆಯವನು ಚರಂಡಿ ನೀರಿನ ಬಗ್ಗೆ ಕೂಗಾಡದೆ ಎಷ್ಟೋ ದಿನವಾಗಿತ್ತು. ಅವನ ದನಿ ಕೇಳದಿರುವುದು ನನಗೆ ಒಳ್ಳೆಯದೆನಿಸಲಿಲ್ಲ.

ನಮ್ಮೆಜಮಾನರಿಗೆ ಕುಣಿಗಲ್ ತಾಲ್ಲೂಕು ಕಚೇರಿಯಲ್ಲಿ ಕೆಲಸ. ಆಗ ಹೆದ್ದಾರಿಯ ಚೆಕ್‌ಪೋಸ್ಟಿಗೆ ಹಾಕಿದ್ದರು. ಬೆಂಗಳೂರು ಬಿಟ್ಟು ಬರುವ ಗಾಡಿಗಳನ್ನು ನಿಲ್ಲಿಸಿ ವಿಚಾರಿಸುವುದು. ಒಂದು ದಿನ ಬಂದವರೇ ಊಟ ಬೇಡವೆಂದು ಕೋಣೆ ಸೇರಿದರು. ಮೈ ಕಾದ ಹೆಂಚು. ಮಾರನೆಯ ದಿನ ಕೆಮ್ಮು ಶುರುವಾಯಿತು. ಸಾರಿನ ರುಚಿಯೇ ಗೊತ್ತಾಗುತ್ತಿಲ್ಲ ಎಂದರು.

ಪರೀಕ್ಷೆ ಮಾಡಿಸಬೇಕು, ಆಶಾಗೆ ಹೇಳಬೇಕು ಎಂದು ನಾನು ಅತ್ತೆಯ ಮುಂದೆ ನಿಂತು ಬಿಡಿಸಿ ಹೇಳಿದೆ. ಅತ್ತೆ ನನ್ನ ಬಾಯಿಯಿಂದ ಕಣ್ಣು ತೆಗೆದು ಬೇರೆಲ್ಲೋ ನೋಡಿದರು. ಕೇಳಿಸಿಕೊಳ್ಳಬಾರದೆಂದರೆ ಅವರು ಮಾಡುತ್ತಿದ್ದದ್ದು ಅದನ್ನೇ. ಆಮೇಲೆ ಹೇಳಿದರು, "ನನ್ ಮಗನ್ನ ಪ್ಲಾಸ್ಟಿಕ್‌ನಲ್ಲಿ ಸುತ್ಕೊಂಡ್ ಹೋಗದು ಬೇಡ. ನೀನು ಸುಮ್ನೆ ಇರು."

ಆ ವಾರ ಆಶಾ ಹುಡುಗಿ ಬರುವ ಮುಂಚೆಯೇ ಅತ್ತೆ ಕಿಟಕಿಯಲ್ಲಿ ಕೂತಿದ್ದರು. ನಾನು ಅವರ ಹಿಂದೆ ನಿಂತಿದ್ದೆ. ಬಿಸಿಲಲ್ಲಿ ತಿರುಗಿ ಅವಳ ಮುಖ ಕೆಂಪಾಗಿತ್ತು. ಎಂದಿನಂತೆ ಸರಳಿನ ಹತ್ತಿರ ಬಂದು, ಮಾಸ್ಕ್ ಕೆಳಗಿಳಿಸಿ ಕೇಳಿದಳು.

"ಯಾರಿಗೂ ಏನಿಲ್ಲ ಕಣ್ ಮಗಾ" ಎಂದರು ಅತ್ತೆ, ಎಷ್ಟು ನಿರಾಳವಾಗಿ ಎಂದರೆ ನನಗೇ ಒಂದು ಕ್ಷಣ ನಂಬಿಕೆ ಬಂತು. "ಬಿಸ್ಲಲ್ಲಿ ಬಂದಿದ್ದೀಯ. ಒಂದ್ ಲೋಟ ಮಜ್ಜಿಗೆ ಕುಡ್ದು ಹೋಗು."

ತಮ್ಮ ಕೈಯಿಂದಲೇ ಲೋಟ ಕೊಟ್ಟರು. ಅವಳು ಅಲ್ಲೇ ನಿಂತು ಕುಡಿಯುತ್ತಿದ್ದಾಗ ಒಳಕೋಣೆಯಲ್ಲಿ ನಮ್ಮೆಜಮಾನರು ಕೆಮ್ಮಿದರು. ಅತ್ತೆಗೆ ಅದು ಕೇಳಿಸಲಿಲ್ಲ. ಆ ಹುಡುಗಿಗೆ ಕೇಳಿಸಿತು. ಲೋಟ ಬಾಯಲ್ಲಿ ಇಟ್ಟುಕೊಂಡೇ ನನ್ನ ಕಡೆ ನೋಡಿದಳು. ನಾನು ಬಾಯಿ ಬಿಡಲಿಲ್ಲ. ಮಜ್ಜಿಗೆ ಮುಗಿಸಿ, ಲೋಟವನ್ನು ಕಿಟಕಿಯಲ್ಲಿಟ್ಟು, ಮಾಸ್ಕ್ ಏರಿಸಿಕೊಂಡು ಪಕ್ಕದ ಮನೆಗೆ ಹೋದಳು. ಅಲ್ಲಿಯೂ ಯಾರಿಗೂ ಏನೂ ಇರಲಿಲ್ಲ.

ನಮ್ಮೆಜಮಾನರ ಜ್ವರ ಇಳಿಯಿತು. ಅದು ಯಾವ ಜ್ವರವೋ ಇವತ್ತಿಗೂ ಗೊತ್ತಿಲ್ಲ. ಅತ್ತೆಯ ಉಸಿರಿಗೆ ಏನೂ ಆಗಲಿಲ್ಲ. ನಾನು ಬೇಡಿಕೊಂಡದ್ದು ನಡೆದಿತ್ತು, ಹಾಲು ಉಕ್ಕಿಸಿ ಪಾಯಸ ಮಾಡಬೇಕಿತ್ತು. ಮುಂದಿನ ವಾರ ಗೇಟಿನ ಹತ್ತಿರ ಬಂದು "ಆಶಾ" ಎಂದು ಕೂಗಿದ್ದು ಬೇರೆ ದನಿ. ಹೊಸ ಹುಡುಗಿ, ಬೇರೆ ವಾರ್ಡಿನವಳು.

"ನಮ್ ಹುಡ್ಗಿ ಎಲ್ಲವ್ವ?" ಎಂದು ಅತ್ತೆ ಕಿಟಕಿಯಿಂದ ಕೇಳಿದರು.

"ಅಕ್ಕಂಗೆ ಪಾಸಿಟಿವ್ ಬಂತು ಅಜ್ಜಿ. ಜಿಲ್ಲಾಸ್ಪತ್ರೇಲಿ ಇದಾರೆ. ಆಕ್ಸಿಜನ್ ಹಾಕವ್ರೆ."

ಅವಳು ಉಳಿದಳು, ಅದನ್ನು ಈಗಲೇ ಹೇಳಿಬಿಡುತ್ತೇನೆ. ಈಗ ಆ ಕೆಲಸದಲ್ಲಿಲ್ಲ, ಮೆಟ್ಟಿಲು ಹತ್ತಿದರೆ ಉಸಿರು ಸಾಲುವುದಿಲ್ಲವಂತೆ. ಅವತ್ತು ಮಾತ್ರ ಉಳಿಯುತ್ತಾಳೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಅತ್ತೆಗೆ ಮಾತು ಅರ್ಧ ತಿಳಿದಿತ್ತು. ಉಳಿದರ್ಧವನ್ನು ನಾನು ಅವರ ಮುಂದೆ ಬಂದು ಬಿಡಿಸಿ ಹೇಳಬೇಕಾಯಿತು. ಹೇಳುವಾಗ ಅವರ ಮುಖ ನೋಡಲು ನನಗೆ ಆಗಲಿಲ್ಲ.

"ಎಲ್ಲಿಂದ ಬಂತಂತೆ ಅವ್ಳಿಗೆ?"

"ಅದೇ ಗೊತ್ತಾಗ್ತಿಲ್ಲ ಅಜ್ಜಿ" ಎಂದಳು ಹೊಸ ಹುಡುಗಿ. "ಡಾಕ್ಟ್ರೂ ಅದನ್ನೇ ಕೇಳ್ತಾವ್ರೆ. ಅಕ್ಕ ಓಡಾಡೋ ಬೀದೀಲಿ ಒಂದ್ ಮನೇಲೂ ಜ್ವರ ಇಲ್ವಲ್ಲ." ಅಷ್ಟು ಹೇಳಿ, "ನಿಮ್ಮನೇಲೂ ಎಲ್ಲಾ ಹುಷಾರಾಗಿದೀರಲ್ವಾ?" ಎನ್ನುತ್ತ ಕಿಟಕಿಯ ಕಡೆ ಹೆಜ್ಜೆ ಹಾಕಿದಳು.

ಅತ್ತೆ ಸರಳಿನಿಂದ ಅಂಗೈ ಹೊರಗೆ ಚಾಚಿ ಅವಳನ್ನು ಅಲ್ಲೇ ನಿಲ್ಲಿಸಿದರು. "ಹತ್ರ ಬರ್ಬೇಡ ಕಣವ್ವ" ಎಂದರು. "ನಮ್ ಬೀದೀಲಿ ಯಾರ್ ಮನೆ ಹತ್ರಾನೂ ಹೋಗ್ಬೇಡ. ದೂರ ನಿಂತು ಕೇಳು."

ಜ್ವರ ಇತ್ತೆಂದು ಮಾತ್ರ ಹೇಳಲಿಲ್ಲ. ಆ ಹುಡುಗಿ ನನ್ನ ಉತ್ತರಕ್ಕಾಗಿ ಸ್ವಲ್ಪ ಹೊತ್ತು ಗೇಟಿನ ಬಳಿ ಕಾದಳು, ಆಮೇಲೆ ಏನೋ ಬರೆದುಕೊಂಡು ಎದುರುಮನೆಗೆ ಹೋದಳು.